ಒಳ್ಳೆಯ ಹವೆಯ ಊರಿನಲ್ಲಿ ಚೆಕಾವ್

ಆಂಟನ್ ಚೆಕಾವ್ ಕನ್ನಡ ವಾಚಕರಿಗೆ ಹೊಸಬನೇನಲ್ಲ. ಅವನ ಕಥೆಗಳು ಹಲವು ಕೈಗಳಿಂದ ಕನ್ನಡಕ್ಕೆ ಬಂದಿವೆ. ನಾಟಕಗಳನ್ನು ನಮ್ಮ ಹವ್ಯಾಸಿ ತಂಡಗಳು ಆಡಿವೆ. ನಾಟಕಶಾಲೆಯಲ್ಲಿ ಮುಂದೆ ಕುಳಿತಿದ್ದ ದೊಡ್ಡ ಅಧಿಕಾರಿಯ ಮೇಲೆ ಸೀನಿಬಿಟ್ಟು, ಕ್ಷಮೆ ಬೇಡಿ ಬೇಡಿ ಕೊನೆಗೆ ಆ ಹೆದರಿಕೆಯಿಂದಲೇ ಸತ್ತುಹೋದ ಗುಮಾಸ್ತನ ಕಥೆಯನ್ನು (1883) ಸರಕಾರಿ ನೌಕರನಾದವನು ಒಮ್ಮೆ ಓದಿದರೆ ಮರೆಯುವುದು ಕಷ್ಟ. ಆ ಅಧಿಕಾರಿ ಬೇರೆ ಇಲಾಖೆಯವನು ಎಂಬುದು ಆ ಕಥೆಯ ಸೊಗಸು. ಹೀಗೆ ಗುಮಾಸ್ತರ ಚೆಕಾವ್ ಒಬ್ಬನನ್ನು ನಾವು ಬಲ್ಲೆವು. ನಿಟ್ಟುಸಿರಿನ ನಾಟಕಗಳ ಚೆಕಾವ್ ಇನ್ನೊಬ್ಬನನ್ನೂ ಬಲ್ಲೆವು. ನಮ್ಮಂಥ ಹೊರನಾಡ ಕನ್ನಡಿಗರಿಗೆ ಇವರಿಬ್ಬರಿಗಿಂತ ಹತ್ತಿರದವನಾಗಬೇಕಾದ ಮೂರನೆಯ ಚೆಕಾವ್ ಒಬ್ಬನಿದ್ದಾನೆ. ತನಗೆ ಬೇಕಾದ ಊರನ್ನು ಬಿಟ್ಟು, ಹವೆ ಒಳ್ಳೆಯದೆಂಬ ಒಂದೇ ಕಾರಣಕ್ಕೆ, ದೂರದ ಊರಿಗೆ ಒಬ್ಬನೇ ಹೋಗಿ ನೆಲೆಸಬೇಕಾದವನು ಅವನು. ಅವನ ಕೊನೆಯ ಐದಾರು ವರ್ಷಗಳ ಬರವಣಿಗೆಯನ್ನು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಏನು ಕಾಣುತ್ತದೆಂಬುದನ್ನು ಇಲ್ಲಿ ಹೇಳಬಯಸುತ್ತೇನೆ.

ಮೊದಲು ಸಂಗತಿಗಳು. ಚೆಕಾವ್ ವೈದ್ಯ, 1884ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಿಂದ ಪಾಸಾದವನು. ಅದೇ ವರ್ಷ ಅವನ ಕೆಮ್ಮಿನಲ್ಲಿ ರಕ್ತ ಕಾಣಿಸಿಕೊಂಡಿತು. ಊರಿನ ರೋಗವನ್ನೆಲ್ಲ ನೋಡಿದವನು ತನ್ನ ರೋಗವನ್ನು ಮಾತ್ರ ಹದಿಮೂರು ವರ್ಷ ನೋಡದವನಂತೆ ನಡೆದುಕೊಂಡ. 1897ರ ಮಾರ್ಚಿನಲ್ಲಿ ಮಾಸ್ಕೋದ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಬಾಯಿಯಿಂದ ರಕ್ತ ಬಂದಿತು. ಆಸ್ಪತ್ರೆಯವರು ಕ್ಷಯವೆಂದು ಖಚಿತಪಡಿಸಿ, ಚಳಿಗಾಲವನ್ನು ಬೆಚ್ಚಗಿನ ಸೀಮೆಯಲ್ಲಿ ಕಳೆಯಬೇಕೆಂದು ವಿಧಿಸಿದರು. ಒಂದು ಚಳಿಗಾಲವನ್ನು ಫ್ರಾನ್ಸಿನ ನೀಸ್‌ನಲ್ಲಿ ಕಳೆದು, 1898ರ ಸೆಪ್ಟೆಂಬರಿನಲ್ಲಿ ಅವನು ಕಪ್ಪು ಸಮುದ್ರದ ದಂಡೆಯ ಯಾಲ್ಟಾಕ್ಕೆ ಬಂದ. ಆಗ ಅವನಿಗೆ ಮೂವತ್ತೆಂಟು ವರ್ಷ. ಬಂದ ಮರುತಿಂಗಳೇ ತಂದೆ ತೀರಿಕೊಂಡರು. ಊರ ಹೊರಗೆ ಜಾಗ ಕೊಂಡು ಮನೆ ಕಟ್ಟಿಸಿದ. ಮಾಸ್ಕೋದ ಬಳಿಯ ಮೆಲಿಖೊವೊ ಹಳ್ಳಿಯ ತೋಟದ ಮನೆಯನ್ನು 1899ರಲ್ಲಿ ಮಾರಿಬಿಟ್ಟ. ತಾಯಿ ಆಮೇಲೆ ಅವನಲ್ಲಿಗೆ ಬಂದರು. ತಂಗಿಯದು ಮಾಸ್ಕೋದಲ್ಲಿ ಶಾಲೆಯ ಕೆಲಸ, ರಜೆಯಲ್ಲಿ ಬಂದುಹೋಗುತ್ತಿದ್ದಳು. 1901ರಲ್ಲಿ ನಟಿ ಓಲ್ಗಾ ಕ್ನಿಪ್ಪರಳನ್ನು ಮದುವೆಯಾದ. ಆಕೆಯ ನಾಟಕಮಂದಿರವಿದ್ದುದೂ ಮಾಸ್ಕೋದಲ್ಲಿಯೇ. ಹೀಗೆ ಹೆಂಡತಿ ಒಂದೂರು, ಗಂಡ ಒಂದೂರು, ನಡುವೆ ಟಪಾಲು. ಕೇಂದ್ರ ಸರಕಾರದ ವರ್ಗಾವಣೆಯ ನೌಕರರಿಗೆ ಈ ಸಂಸಾರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಹವೆಯ ವಿಷಯದಲ್ಲಿಯೂ ಒಂದು ಮಾತು. ಯಾಲ್ಟಾದ ಬೆನ್ನಿಗೆ ಉತ್ತರದಲ್ಲಿ ಬೆಟ್ಟಸಾಲಿದೆ, ಅದು ಚಳಿಗಾಳಿಯನ್ನು ತಡೆಯುತ್ತದೆ, ಮುಂದೆ ಸಮುದ್ರ. ಜನವರಿಯಲ್ಲಿ ಮಾಸ್ಕೋದ ಉಷ್ಣಮಾನ ಶೂನ್ಯಕ್ಕಿಂತ ಹತ್ತು ಡಿಗ್ರಿಯಷ್ಟು ಕೆಳಗಿದ್ದರೆ ಯಾಲ್ಟಾದಲ್ಲಿ ಶೂನ್ಯಕ್ಕಿಂತ ಮೂರು ನಾಲ್ಕು ಡಿಗ್ರಿ ಮೇಲೆ. ಕ್ಷಯದ ಜೀವಾಣುವನ್ನು ಕಾಖ್ 1882ರಲ್ಲಿಯೇ ಕಂಡುಹಿಡಿದಿದ್ದ. ಆದರೆ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ನಡುವಿನ ಅರವತ್ತು ವರ್ಷ ವೈದ್ಯರ ಕೈಯಲ್ಲಿದ್ದ ಔಷಧಿ ಹವೆ, ಹಾಲು ಮತ್ತು ವಿಶ್ರಾಂತಿ. ನಮ್ಮ ಕಡೆಯವರನ್ನು ಮದನಪಲ್ಲಿಯ ಸ್ಯಾನಿಟೋರಿಯಮ್ಮಿಗೆ ಕಳಿಸುತ್ತಿದ್ದುದೂ ಇದೇ ನಂಬಿಕೆಯಿಂದ. ಚೆಕಾವ್‌ನ ವಿಷಯದಲ್ಲಿ ಈ ನಂಬಿಕೆಯ ಗತಿ ಏನಾಯಿತು ನೋಡಿ. ಯಾಲ್ಟಾದ ಮನೆ ಚಳಿಗಾಲದಲ್ಲಿ ಸರಿಯಾಗಿ ಬೆಚ್ಚಗಾಗುತ್ತಿರಲಿಲ್ಲವೆಂದು ಅವನ ಪತ್ರಗಳಲ್ಲಿ ದೂರಿದೆ. ಹೀಗೆ ಹಲವು ಚಳಿಗಾಲ ಕಳೆದ ಮೇಲೆ, 1903ರಲ್ಲಿ, ಮಾಸ್ಕೋದ ಹಿರಿಯ ಪ್ರಾಧ್ಯಾಪಕ ಒಸ್ತ್ರೊಉಮೊವ್ ಅವನನ್ನು ಪರೀಕ್ಷಿಸಿ, ಯಾಲ್ಟಾ ಬೇಡ, ಮಾಸ್ಕೋದ ಹತ್ತಿರವೇ ಚಳಿಗಾಲ ಕಳೆ ಎಂದುಬಿಟ್ಟ! 1897ರಲ್ಲಿ ಚೆಕಾವ್ ಮಲಗಿದ್ದ ಆಸ್ಪತ್ರೆಯ ಮುಖ್ಯಸ್ಥನೂ ಈ ಪ್ರಾಧ್ಯಾಪಕನೇ. ಮರುವರ್ಷ, 1904ರ ಜುಲೈಯಲ್ಲಿ, ಜರ್ಮನಿಯ ಇನ್ನೊಂದು ಆರೋಗ್ಯಧಾಮದಲ್ಲಿ ಚೆಕಾವ್ ತೀರಿಕೊಂಡ. ವಯಸ್ಸು ನಲವತ್ತನಾಲ್ಕು.

ಈ ವರ್ಷಗಳ ಪತ್ರಗಳಲ್ಲಿ ಅವನು ಯಾಲ್ಟಾವನ್ನು ಸೈಬೀರಿಯಾಕ್ಕೆ ಹೋಲಿಸುತ್ತಾನೆ, ಬೆಚ್ಚಗಿರುವುದೊಂದೇ ವ್ಯತ್ಯಾಸ. ಇದನ್ನು ಹಿಡಿದುಕೊಂಡು ವಿಮರ್ಶಕರು ಬಹುವಾಗಿ ಹೇಳುವುದೇನೆಂದರೆ, ಯಾಲ್ಟಾದ ಒಂಟಿತನವೇ ಕೊನೆಯ ಕೃತಿಗಳ ವಿಷಾದವಾಗಿ ಇಳಿಯಿತು, ಮಾಸ್ಕೋಗಾಗಿ ಹಾತೊರೆಯುವ ಮೂವರು ಅಕ್ಕತಂಗಿಯರು ಚೆಕಾವ್‌ನೇ, ಎಂದು. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಪತ್ರದಲ್ಲಿ ಗೊಣಗುವವನು ಒಬ್ಬ, ಕಥೆ ಬರೆಯುವವನು ಇನ್ನೊಬ್ಬ. ಗೊಣಗುವವನು ಊರನ್ನು ದೂರುತ್ತಾನೆ. ಬರೆಯುವವನು ಆ ದೂರನ್ನೇ ತನಿಖೆಗೆ ಹಚ್ಚುತ್ತಾನೆ. ಮನುಷ್ಯನನ್ನು ಒಂಟಿಯಾಗಿಸುವುದು ನಿಜವಾಗಿಯೂ ಊರೇ, ಹವೆಯೇ, ದೂರವೇ? ಯಾಲ್ಟಾದ ಕಾಲದ ಮೂರು ಕೃತಿಗಳಲ್ಲಿ ಈ ತನಿಖೆ ಮೂರು ದಿಕ್ಕಿನಿಂದ ನಡೆದಿದೆ: ಒಳ್ಳೆಯ ಹವೆಗೆ ಬಂದವರ ಕಥೆ, ಬಿಟ್ಟ ಊರಿಗಾಗಿ ಹಂಬಲಿಸುವವರ ನಾಟಕ, ಮರಳಿ ಊರಿಗೆ ಹೋದವನ ಕಥೆ.

ಮೊದಲನೆಯದು 1899ರ ಡಿಸೆಂಬರಿನಲ್ಲಿ ಅಚ್ಚಾದ, ಪುಟ್ಟ ನಾಯಿಯ ಜೊತೆಗಿನ ಮಹಿಳೆಯ ಕಥೆ. ಮಾಸ್ಕೋದ ಬ್ಯಾಂಕ್ ನೌಕರ ಗುರೋವ್, ಸಣ್ಣ ಊರೊಂದರಿಂದ ಬಂದ ಆನ್ನಾ ಸೆರ್ಗೆಯೆವ್ನಾ, ಇಬ್ಬರೂ ಯಾಲ್ಟಾಕ್ಕೆ ಒಬ್ಬೊಬ್ಬರೇ ಬಂದವರು. ಇಬ್ಬರಿಗೂ ಬೇರೆಡೆ ಸಂಸಾರವಿದೆ. ಸಮುದ್ರ, ಬಿಸಿಲು, ಬಿಡುವು ಎಲ್ಲ ಕೂಡಿ ಸಲಿಗೆ ಬೆಳೆಯುತ್ತದೆ. ಕಥೆ ಇಲ್ಲಿಗೆ ನಿಂತಿದ್ದರೆ ಪ್ರವಾಸಿಧಾಮದ ಸಾವಿರ ಕಥೆಗಳಲ್ಲಿ ಒಂದಾಗುತ್ತಿತ್ತು. ಚೆಕಾವ್ ಗುರೋವ್‌ನನ್ನು ಮಾಸ್ಕೋಗೆ ಮರಳಿ ಕಳಿಸುತ್ತಾನೆ. ಮೊದಲ ಹಿಮ ಬಿದ್ದಿದೆ, ಮನೆಯಲ್ಲಿ ಒಲೆ ಉರಿಯುತ್ತಿದೆ. ತನ್ನ ಊರು ತನಗೆ ಸಿಕ್ಕಿತೆಂದು ಅವನಿಗೆ ಹಿಗ್ಗು. ಆದರೆ ತಿಂಗಳು ಕಳೆಯುವಷ್ಟರಲ್ಲಿ, ಮನಸ್ಸಿನಲ್ಲಿರುವುದನ್ನು ಆಡಿಕೊಳ್ಳಲು ಆ ದೊಡ್ಡ ಊರಿನಲ್ಲಿ ಒಬ್ಬ ಮನುಷ್ಯನಿಲ್ಲವೆಂದು ತಿಳಿಯುತ್ತದೆ. ಒಂದು ರಾತ್ರಿ ಕ್ಲಬ್ಬಿನಿಂದ ಹೊರಬೀಳುವಾಗ ಜೊತೆಯವನಿಗೆ ಯಾಲ್ಟಾದ ವಿಷಯ ಹೇಳಲು ಬಾಯಿ ತೆರೆಯುತ್ತಾನೆ. ಆತ ಗಾಡಿ ಹತ್ತಿ ಕುಳಿತು, ಗುರೋವ್ ಸಂಜೆ ಹೇಳಿದ್ದು ನಿಜ, ಊಟದ ಮೀನು ಹಳಸಿತ್ತು ಎನ್ನುತ್ತಾನೆ. ಇದಕ್ಕಿಂತ ಕಡಿಮೆ ಮಾತಿನಲ್ಲಿ ಒಂಟಿತನವನ್ನು ಹೇಳಿದ ಬರಹಗಾರನನ್ನು ನಾನು ಕಂಡಿಲ್ಲ. ಹೊಸ ಊರಿನಲ್ಲಿ ಒಂಟಿಯಾಗಿ ಬಂದವನಿಗೆ ಜೊತೆ ಸಿಕ್ಕಿತು; ಸ್ವಂತ ಊರಿನಲ್ಲಿ, ಹೆಂಡತಿ ಮಕ್ಕಳ ನಡುವೆ ಅವನು ಒಂಟಿ. ಲೆಕ್ಕ ತಿರುಗುಮುರುಗಾಯಿತು.

ಎರಡನೆಯದು 1901ರಲ್ಲಿ ರಂಗಕ್ಕೆ ಬಂದ ಮೂವರು ಅಕ್ಕತಂಗಿಯರ ನಾಟಕ. ಸೈನ್ಯಾಧಿಕಾರಿಯಾಗಿದ್ದ ತಂದೆ ಮಾಸ್ಕೋದಿಂದ ಸಣ್ಣ ಊರಿಗೆ ವರ್ಗವಾಗಿ ಬಂದು ಹನ್ನೊಂದು ವರ್ಷವಾಗಿದೆ. ಈಗ ಅವನೂ ಇಲ್ಲ. ಓಲ್ಗಾ, ಮಾಶಾ, ಇರೀನಾ ಮತ್ತು ತಮ್ಮ ಆಂದ್ರೇಯ್ ಅಲ್ಲಿಯೇ ಉಳಿದಿದ್ದಾರೆ. ಮಾಸ್ಕೋಗೆ ಹೋಗಬೇಕೆಂಬುದು ಅವರ ಜಪ. ನಾಟಕ ನೋಡುವವರು ಆ ಜಪವನ್ನು ನೆನಪಿಟ್ಟುಕೊಂಡು ಮನೆಗೆ ಹೋಗುತ್ತಾರೆ. ಅದರ ಪಕ್ಕದಲ್ಲಿಯೇ ಚೆಕಾವ್ ಇಟ್ಟಿರುವ ಉತ್ತರವನ್ನು ಗಮನಿಸುವವರು ಕಡಿಮೆ.

ಮೊದಲನೆಯ ಅಂಕದಲ್ಲಿ ವೆರ್ಶಿನಿನ್ ಎಂಬ ಅಧಿಕಾರಿ ಹೊಸದಾಗಿ ವರ್ಗವಾಗಿ ಬರುತ್ತಾನೆ, ಅದೂ ಮಾಸ್ಕೋದಿಂದ. ಅಕ್ಕತಂಗಿಯರು ಅವನನ್ನು ದೇವದೂತನಂತೆ ಸುತ್ತುವರಿಯುತ್ತಾರೆ. ಅವನು ಮಾಡುವುದೇನು? ಈ ಸಣ್ಣ ಊರಿನ ಹವೆಯನ್ನು ಹೊಗಳುತ್ತಾನೆ! ಎಂಥ ಆರೋಗ್ಯಕರ ಹವೆ, ಹೊಳೆಯಿದೆ, ಕಾಡಿದೆ, ಬರ್ಚ್ ಮರಗಳಿವೆ ಎಂದು ಅವನ ವರ್ಣನೆ. ಇಲ್ಲಿ ಚಳಿ, ಸೊಳ್ಳೆ ಎಂದು ಓಲ್ಗಾಳ ಉತ್ತರ. ಮಾಸ್ಕೋದ ಬಗ್ಗೆ ಕೇಳಿದರೆ ಅವನಿಗೆ ನೆನಪಾಗುವುದು ಕೆಲಸಕ್ಕೆ ಹೋಗುವ ದಾರಿಯ ಒಂದು ಮಂಕು ಸೇತುವೆ. ಅದರ ಕೆಳಗೆ ನೀರಿನ ಸದ್ದು ಒಂಟಿ ಮನುಷ್ಯನ ಮನಸ್ಸನ್ನು ಕುಗ್ಗಿಸುತ್ತಿತ್ತೆಂದು ಹೇಳುತ್ತಾನೆ. ಅಂದರೆ ಅವರ ಸ್ವರ್ಗದಲ್ಲಿ ಅವನು ಒಂಟಿಯಾಗಿದ್ದ. ಅವನು ಹೊಗಳುವ ಹವೆಯಲ್ಲಿ ಅವರು ಒಂಟಿಯಾಗಿದ್ದಾರೆ. ನಾನು ನಾಗಪುರದಿಂದ ಪುಣೆಗೆ ವರ್ಗವಾಗಿ, ಮಕ್ಕಳ ಪರೀಕ್ಷೆಗಾಗಿ ಸಂಸಾರವನ್ನು ಅಲ್ಲಿಯೇ ಬಿಟ್ಟು ಬಂದ ವರ್ಷ, ಕಚೇರಿಯಲ್ಲಾಗಲಿ ಖಾನಾವಳಿಯಲ್ಲಾಗಲಿ ಕೇಳಿದ ಮೊದಲ ಮಾತು ಪುಣೆಯ ಹವೆಯದೇ. ನಾಗಪುರದ ಮೇ ತಿಂಗಳನ್ನು ಕಂಡವನಿಗೆ ಅದು ಸುಳ್ಳೆನಿಸಲಿಲ್ಲ. ಆದರೆ ರಾತ್ರಿ ಬಂದು ಕೋಣೆಯ ಬೀಗ ತೆಗೆಯುವವನಿಗೆ ಹವೆ ಎಷ್ಟು ಹೊತ್ತು ಜೊತೆ ಕೊಟ್ಟೀತು?

ಎರಡನೆಯ ಅಂಕದಲ್ಲಿ ವೆರ್ಶಿನಿನ್ ಇನ್ನೊಂದು ಸಂಗತಿ ಹೇಳುತ್ತಾನೆ. ಫ್ರಾನ್ಸಿನ ಮಂತ್ರಿಯೊಬ್ಬ ಪನಾಮಾ ಹಗರಣದಲ್ಲಿ ಜೈಲಿಗೆ ಹೋಗಿ, ಕಿಟಕಿಯಿಂದ ಕಾಣುವ ಹಕ್ಕಿಗಳ ಬಗ್ಗೆ ದಿನಚರಿಯಲ್ಲಿ ಮೈಮರೆತು ಬರೆದನಂತೆ; ಬಿಡುಗಡೆಯಾದ ಮೇಲೆ ಆ ಹಕ್ಕಿಗಳು ಅವನ ಕಣ್ಣಿಗೆ ಬೀಳಲಿಲ್ಲ. ಮಾಸ್ಕೋದಲ್ಲಿ ವಾಸಿಸತೊಡಗಿದರೆ ನಿಮಗೂ ಮಾಸ್ಕೋ ಕಾಣಿಸುವುದಿಲ್ಲ ಎಂಬುದು ಅವನ ತಾತ್ಪರ್ಯ. ಅದೇ ಅಂಕದಲ್ಲಿ ಆಂದ್ರೇಯ್ ಇದ್ದಾನೆ. ಪ್ರೊಫೆಸರನಾಗಬೇಕೆಂದಿದ್ದವನು ಸ್ಥಳೀಯ ಮಂಡಳಿಯ ಕಾರ್ಯದರ್ಶಿಯಾಗಿ ಕಾಗದಪತ್ರಕ್ಕೆ ಸಹಿ ಹಾಕುತ್ತಾನೆ. ಮಾಸ್ಕೋದ ಹೋಟೆಲಿನಲ್ಲಿ ಯಾರ ಪರಿಚಯವಿಲ್ಲದಿದ್ದರೂ ಪರಕೀಯನೆನಿಸುವುದಿಲ್ಲ, ಇಲ್ಲಿ ಎಲ್ಲರ ಪರಿಚಯವಿದ್ದೂ ಪರಕೀಯ ಎಂದು ಅವನ ಅಳಲು. ಅದನ್ನು ಅವನು ಹೇಳಿಕೊಳ್ಳುವುದು ಕಿವಿ ಸರಿಯಾಗಿ ಕೇಳಿಸದ ಜವಾನ ಫೆರಾಪೊಂಟ್‌ನಿಗೆ. ಕಿವಿ ಕೇಳಿಸುವವನಾಗಿದ್ದರೆ ಹೇಳುತ್ತಲೇ ಇರಲಿಲ್ಲವಂತೆ. ಹೆಂಡತಿ ಪಕ್ಕದ ಕೋಣೆಯಲ್ಲಿದ್ದಾಳೆ. ದೂರದ ಊರಿನ ಮೇಲೆ ಅವನು ಹೊರಿಸುವ ಭಾರ ಹತ್ತಿರದ ಕೋಣೆಯದು.

ಇರೀನಾಳ ವಿಷಯ ಇನ್ನೂ ಕಠಿಣ. ಅವಳು ತಂತಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಒಂದು ದಿನ ಹೆಂಗಸೊಬ್ಬಳು ಬರುತ್ತಾಳೆ. ಅವಳ ಮಗ ಅಂದೇ ಸತ್ತಿದ್ದಾನೆ, ಸರಾತೊವ್ ಊರಿನ ಅಣ್ಣನಿಗೆ ತಂತಿ ಕೊಡಬೇಕು, ವಿಳಾಸ ನೆನಪಾಗುತ್ತಿಲ್ಲ. ಬರೀ ಊರ ಹೆಸರಿನ ಮೇಲೆ ತಂತಿ ಹೋಗುತ್ತದೆ. ಕಾರಣವಿಲ್ಲದೆ ಇರೀನಾ ಆ ತಾಯಿಯ ಮೇಲೆ ಸಿಡುಕುತ್ತಾಳೆ, ತನಗೆ ಹೊತ್ತಿಲ್ಲವೆನ್ನುತ್ತಾಳೆ. ಮನೆಗೆ ಬಂದು ಇದನ್ನು ಹೇಳಿ, ಮರುಗಳಿಗೆಯೇ ಮಾಸ್ಕೋದ ಕನಸಿಗೆ ಮರಳುತ್ತಾಳೆ. ಕೌಂಟರಿನ ಹಿಂದೆ ಕುಳಿತು ಬಲ್ಲವರು ಈ ದೃಶ್ಯವನ್ನು ಸುಮ್ಮನೆ ದಾಟಲಾರರು. ದೂರದ ಊರಿಗಾಗಿ ಹಂಬಲಿಸುವುದು ತಪ್ಪೆಂದು ಚೆಕಾವ್ ಎಲ್ಲಿಯೂ ಹೇಳುವುದಿಲ್ಲ. ಆ ಹಂಬಲಕ್ಕೆ ಬೆಲೆ ತೆರುವವರು ಯಾರು ಎಂದು ತೋರಿಸುತ್ತಾನೆ: ಈ ಊರಿನಲ್ಲಿ, ಈ ಗಳಿಗೆಯಲ್ಲಿ, ಎದುರು ನಿಂತ ಮನುಷ್ಯ. ನಾಟಕದ ಕೊನೆಗೆ ಇರೀನಾ ಊರು ಬಿಡುತ್ತಾಳೆ, ಅದೂ ಒಬ್ಬಳೇ. ಹೋಗುವುದು ಮಾಸ್ಕೋಗಲ್ಲ, ಒಂದು ಶಾಲೆಯಲ್ಲಿ ಪಾಠ ಹೇಳಲು. ಈ ಮುಕ್ತಾಯವನ್ನು ಸೋಲೆಂದು ಓದುವವರಿದ್ದಾರೆ. ತಂತಿ ಕಚೇರಿಯ ಆ ಹೆಂಗಸನ್ನು ನೆನಪಿಟ್ಟುಕೊಂಡವರಿಗೆ, ಇರೀನಾ ಎದುರಿಗಿರುವವರ ಕಡೆ ಮೊದಲ ಬಾರಿ ಮುಖ ತಿರುಗಿಸಿದ್ದು ಇಲ್ಲಿ ಎಂದು ಕಾಣುತ್ತದೆ.

ಮೂರನೆಯದು 1902ರ ಬಿಷಪ್ ಕಥೆ. ನನ್ನ ಮಟ್ಟಿಗೆ ಈ ಮೂರರಲ್ಲಿ ಶ್ರೇಷ್ಠವಾದದ್ದು ಇದೇ. ಬಡ ಕುಟುಂಬದಲ್ಲಿ ಹುಟ್ಟಿ, ಓದಿ ಮೇಲೆ ಬಂದ ಪ್ಯೋತ್ರ್ ಎಂಬ ಪಾದ್ರಿ ಕಾಯಿಲೆ ಬಿದ್ದು, ವೈದ್ಯರ ಸಲಹೆಯಂತೆ ಪರದೇಶದಲ್ಲಿ ಬೆಚ್ಚಗಿನ ಸಮುದ್ರದ ದಂಡೆಯಲ್ಲಿ ಎಂಟು ವರ್ಷ ಇದ್ದ. ಎತ್ತರದ ಕೋಣೆಗಳು, ಹೊಸ ಮೇಜು, ಓದು, ಬರಹ. ಆದರೂ ಕುರುಡು ಭಿಕ್ಷುಕಿಯೊಬ್ಬಳು ದಿನವೂ ಕಿಟಕಿಯ ಕೆಳಗೆ ಹಾಡುವಾಗ ಅವನಿಗೆ ಊರಿನ ನೆನಪು. ಈಗ ಮರಳಿ ಬಂದು ಬಿಷಪ್ ಆಗಿದ್ದಾನೆ. ಹಂಬಲಿಸಿದ್ದು ಕೈಗೆ ಬಂದಿದೆ. ಸಿಕ್ಕಿದ್ದೇನು? ಸಾವಿರಾರು ಆವಕ-ಜಾವಕ ಕಾಗದಗಳು. ಪಾದ್ರಿಗಳಿಗೂ ಅವರ ಹೆಂಡಿರು ಮಕ್ಕಳಿಗೂ ನಡತೆಗೆ ಅಂಕ ಹಾಕಿದ ವರದಿಗಳು. ಎದುರಿಗೆ ಬಂದರೆ ನಡುಗುವ ಜನ. ಈಗ ಅವನಿಗೆ ಆ ಪರದೇಶದ ಸಮುದ್ರದ ನೆನಪು!

ವರ್ಷಗಳ ಮೇಲೆ ತಾಯಿ ಅವನನ್ನು ಕಾಣಲು ಬರುತ್ತಾಳೆ. ಬಂದವಳು ಮಗನೆದುರು ಅರ್ಧ ಎದ್ದು ಅರ್ಧ ಕುಳಿತು ಮಾತನಾಡುತ್ತಾಳೆ. ಅವನನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ಅವಳಿಗೆ ತಿಳಿಯದು. ಇಂಗ್ಲಿಷ್ ಅನುವಾದದಲ್ಲಿ ಈ ಕಥೆಯನ್ನು ಓದುವವರಿಗೆ ಇಲ್ಲಿ ದೊಡ್ಡ ನಷ್ಟವಿದೆ, ಏಕೆಂದರೆ ಆ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ. ರಷ್ಯನ್ನಿನಲ್ಲಿ ನಮ್ಮಂತೆಯೇ ಏಕವಚನ, ಬಹುವಚನಗಳ ಭೇದವಿದೆ. ಹೆತ್ತ ತಾಯಿ ಮಗನಿಗೆ 'ನೀವು' ಎಂದರೆ ಎದೆಗೆ ಏನಾಗುತ್ತದೆಂಬುದನ್ನು ಕನ್ನಡಿಗನಿಗೆ ಟಿಪ್ಪಣಿ ಬರೆದು ತಿಳಿಸಬೇಕಿಲ್ಲ. ಈ ಕಥೆಯನ್ನು ಕನ್ನಡಕ್ಕೆ ತರುವವರು ಬೇರೇನನ್ನು ಬಿಟ್ಟರೂ ಈ ಒಂದು ಎಳೆಯನ್ನು ಬಿಡಬಾರದು. ಕಥೆಯ ಜೀವ ಅಲ್ಲಿದೆ. ಆ ಮನೆಯಲ್ಲಿ ಅವನೊಡನೆ ಹೆದರದೆ ಮಾತನಾಡುವವಳು ಎಂಟು ವರ್ಷದ ಸೋದರಸೊಸೆ ಕಾತ್ಯಾ. ಕೊನೆಗೆ ವಿಷಮಶೀತಜ್ವರದಿಂದ ಸೊರಗಿ, ಮೈ ಸಣ್ಣದಾಗಿ, ಅವನು ಸಾಯುವ ಹೊತ್ತಿಗೆ ತಾಯಿಗೆ ಅವನು ಬಿಷಪ್ಪನೆಂಬುದು ಮರೆತುಹೋಗುತ್ತದೆ. ಚಿಕ್ಕಂದಿನ ಹೆಸರು ಹಿಡಿದು, ಪಾವ್ಲುಶಾ ಎಂದು ಕರೆಯುತ್ತಾಳೆ. ಊರಿಗೆ ಬಂದು ಎಷ್ಟೋ ಕಾಲವಾದ ಮೇಲೆ ಆ ಮನುಷ್ಯ ಮನೆಗೆ ಬಂದದ್ದು ಆ ಗಳಿಗೆಯಲ್ಲಿ. ಅಷ್ಟರಲ್ಲಿ ಅವನಿಗೆ ಮಾತು ಕಟ್ಟಿತ್ತು.

ಈ ಮೂರನ್ನೂ ಜೊತೆಗಿಟ್ಟು ನೋಡಿದರೆ ತನಿಖೆಯ ವರದಿ ಸ್ಪಷ್ಟವಾಗಿದೆ. ಒಂಟಿತನಕ್ಕೆ ಕಾರಣ ಊರೂ ಅಲ್ಲ, ಹವೆಯೂ ಅಲ್ಲ. ನಮ್ಮನ್ನು ನಮ್ಮ ಹೆಸರು ಹಿಡಿದು 'ನೀನು' ಎನ್ನುವ ಒಂದು ಬಾಯಿ ಇದೆಯೋ ಇಲ್ಲವೋ ಎಂಬುದೇ ಕಾರಣ.

ಇಷ್ಟು ಮೆಚ್ಚಿದ ಮೇಲೆ ಚೆಕಾವ್‌ನ ಮೇಲೆ ಒಂದು ಆಕ್ಷೇಪವೂ ಇದೆ. ಯಾಲ್ಟಾದ ಅಷ್ಟು ವರ್ಷಗಳಲ್ಲಿ ಆ ಊರನ್ನು ರಂಗವಾಗಿಟ್ಟು ಅವನು ಬರೆದ ದೊಡ್ಡ ಕಥೆ ಮೇಲೆ ಹೇಳಿದ ಒಂದೇ. ಅದರಲ್ಲಿಯೂ ಇರುವವರು ರಜೆಗೆ ಬಂದವರು. ಯಾಲ್ಟಾದಲ್ಲಿಯೇ ಬದುಕುವ, ಅಲ್ಲಿ ಹಾಲು ಮಾರುವ, ಮಕ್ಕಳನ್ನು ಶಾಲೆಗೆ ಕಳಿಸುವ ಒಬ್ಬ ಮನುಷ್ಯನ ಕಥೆಯಿಲ್ಲ. ಆದರೆ ಅವನ ಬದುಕು ಬೇರೆಯೇ ಹೇಳುತ್ತದೆ. ಪತ್ರದಲ್ಲಿ ಸೈಬೀರಿಯಾ ಎಂದು ಬರೆದ ಕೈಯೇ ಆ ಮನೆಯ ಅಂಗಳದಲ್ಲಿ ಗಿಡ ನೆಟ್ಟಿತು, ಗುಲಾಬಿ ಬೆಳೆಸಿತು. ಹಣವಿಲ್ಲದೆ, ಯಾರೂ ದಿಕ್ಕಿಲ್ಲದೆ ಯಾಲ್ಟಾಕ್ಕೆ ಬಂದು ಬೀಳುತ್ತಿದ್ದ ಬಡ ಕ್ಷಯರೋಗಿಗಳಿಗಾಗಿ ಅವನು ಚಂದಾ ಎತ್ತಿದ. ಗೋರ್ಕಿ, ಬೂನಿನ್, ಕುಪ್ರಿನ್ ಆ ಮನೆಯ ಅತಿಥಿಗಳು. 1900ರಲ್ಲಿ ಮಾಸ್ಕೋದ ನಾಟಕ ಮಂಡಳಿಯೇ ತನ್ನ ನಾಟಕಗಳನ್ನು ಅವನಿಗೆ ತೋರಿಸಲು ಯಾಲ್ಟಾಕ್ಕೆ ಬಂದಿತು. ಅವನು ತೀರಿಕೊಂಡ ಮೇಲೆ ತಂಗಿ ಮಾರಿಯಾ ಆ ಮನೆಯನ್ನು ಬಿಡಲಿಲ್ಲ. ಅದು ವಸ್ತುಸಂಗ್ರಹಾಲಯವಾದ ಮೇಲೂ 1957ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ಅವಳೇ ನೋಡಿಕೊಂಡಳು. ಬಲವಂತದಿಂದ ಬಂದ ಊರು ಕೊನೆಗೆ ಮನೆಯಾದ ಈ ಕಥೆಯನ್ನು ಚೆಕಾವ್ ಬಾಳಿದ, ಬರೆಯಲಿಲ್ಲ. ಬಂದವರು, ಹಂಬಲಿಸುವವರು, ಮರಳಿದವರು ಅವನಲ್ಲಿದ್ದಾರೆ, ಉಳಿದವರು ಇಲ್ಲ.

ನಮ್ಮ ಬರವಣಿಗೆಗೂ ಇದೇ ಮಾತು ಅನ್ವಯಿಸುತ್ತದೆ. ಚೆಕಾವ್‌ನ ಪ್ರಸಂಗವನ್ನು ಈ ಪತ್ರಿಕೆಗೆ ತಂದದ್ದೂ ಅದಕ್ಕಾಗಿಯೇ. ಹೊರನಾಡ ಸಂಘಗಳ ಮಾಸಪತ್ರಿಕೆಗಳನ್ನು ತೆರೆದರೆ ಊರ ತೇರು, ಅಜ್ಜಿಯ ಕೈತುತ್ತು, ಮಲೆನಾಡಿನ ಮಳೆ, ಧಾರವಾಡದ ಸಂಜೆ ಧಾರಾಳವಾಗಿ ಸಿಗುತ್ತವೆ. ಬರೆದವರಲ್ಲಿ ಹೆಚ್ಚಿನವರು ಆ ಊರು ಬಿಟ್ಟು ಮೂವತ್ತು ವರ್ಷವಾಗಿದೆ. ಅಕ್ಕತಂಗಿಯರ ಮಾಸ್ಕೋದಂತೆ ಅದು ಚಿಕ್ಕಂದಿನಲ್ಲಿ ಬಿಟ್ಟ ಊರು, ಈಗ ಹಾಗಿಲ್ಲ. ನಿವೃತ್ತಿಯ ನಂತರ ಒಳ್ಳೆಯ ಹವೆಗೆಂದು ಬೆಂಗಳೂರಿಗೆ ಹೋದವರನ್ನು ಕೇಳಿ ನೋಡಿ. 2016ರ ಏಪ್ರಿಲಿನಲ್ಲಿ ಆ ಊರಿನ ಉಷ್ಣಮಾನ 39 ಡಿಗ್ರಿ ದಾಟಿತ್ತು. ಅದನ್ನಾದರೂ ತಡೆದುಕೊಳ್ಳಬಹುದು. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಿದ್ದ ನೆರೆಯವರು ಪುಣೆಯಲ್ಲಿಯೋ ಮುಂಬಯಿಯಲ್ಲಿಯೋ ಉಳಿದುಬಿಟ್ಟರಲ್ಲ ಎಂದು ಅವರು ಪೇಚಾಡುತ್ತಾರೆ. ಬಿಷಪ್ಪನಿಗೆ ನೆನಪಾದ ಪರದೇಶದ ಸಮುದ್ರ ಇದೇ.

ನೆನಪನ್ನು ಬರೆಯಬಾರದೆಂದು ನನ್ನ ವಾದವಲ್ಲ. ನೆನಪೊಂದನ್ನೇ ಬರೆದರೆ ನಾವು ಇರುವ ಊರು ನಮ್ಮ ಭಾಷೆಯಲ್ಲಿ ಇಲ್ಲದೆ ಹೋಗುತ್ತದೆ. ಮಗುವಿಗೆ ಜ್ವರ ಬಂದ ರಾತ್ರಿ ಬಾಗಿಲು ತಟ್ಟಿದ ಮರಾಠಿ ಮೌಶಿ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಮಗ, ಚಾಳಿನ ನಲ್ಲಿಯ ಮುಂದಿನ ಸಾಲಿನಲ್ಲಿ ಬೆಳೆದ ಮೂವತ್ತು ವರ್ಷದ ಗೆಳೆತನ, ಇವೆಲ್ಲ ಎಲ್ಲಿವೆ? ನಮ್ಮ ಮಕ್ಕಳಿಗೆ ಇದೇ ಹುಟ್ಟೂರು. ಅವರ ಹುಟ್ಟೂರಿನ ಬಗ್ಗೆ ಕನ್ನಡದಲ್ಲಿ ಒಂದು ಕಥೆಯೂ ಇಲ್ಲದಿದ್ದರೆ, ಅವರು ಕನ್ನಡವನ್ನು ರಜೆಯಲ್ಲಿ ಹೋಗಿಬರುವ ಊರಿನಂತೆ ಕಂಡರೆ, ತಪ್ಪು ಅವರದೆಂದು ಹೇಳಲು ನಮಗೆ ಬಾಯಿಲ್ಲ.

ಯುಗಾದಿಯ ವಿಶೇಷ ಸಂಚಿಕೆಗೆ ಲೇಖನ ಬರೆಯಲು ಹಲವರು ಕುಳಿತಿರಬಹುದು. ಅವರಲ್ಲಿ ನನ್ನ ವಿನಂತಿ ಇಷ್ಟೇ: ಊರ ಬಾವಿಯ ಬಗ್ಗೆ ಬರೆಯುವವರು ಬರೆಯಲಿ, ಅದರ ಜೊತೆಗೆ ತಮ್ಮ ಈಗಿನ ಓಣಿಯ ಬಗ್ಗೆ, ಅಲ್ಲಿ ತಮ್ಮನ್ನು ಹೆಸರು ಹಿಡಿದು ಕರೆಯುವವರ ಬಗ್ಗೆ ಎರಡು ಪುಟ ಬರೆದು ಕಳಿಸಲಿ. ಬರೆಯುವ ಮೊದಲು ಬಿಷಪ್ಪನ ಕಥೆಯನ್ನು ಒಮ್ಮೆ ಓದಿಕೊಂಡರೆ ಇನ್ನೂ ಒಳ್ಳೆಯದು.